ಹೊಳೆ ನಡುವಿನ ಗಡ್ಡೆ, ಅವ್ವನ ಎಮ್ಮೆ

ಗೋವಿನಕೋವಿಯ ಹತ್ತಿರ ತುಂಗಭದ್ರೆಯ ನಡುವೆ ಒಂದು ಗಡ್ಡೆ ಇದೆ. ಅಲ್ಲಿ ಯಾರೂ ವಾಸವಿಲ್ಲ. ಫೋನಿನ ನಕ್ಷೆಯಲ್ಲಿ ಆ ಜಾಗ ಬರೀ ನೀಲಿ. ನಕ್ಷೆ ಮಾಡಿದವರನ್ನು ಒಮ್ಮೆ ಕರೆತಂದು ಅಲ್ಲಿನ ಕಾರೆಮುಳ್ಳಿನ ಮೇಲೆ ಕೂರಿಸಬೇಕು ಎನಿಸುತ್ತದೆ ನನಗೆ.

ಹೊಳೆ ನಮ್ಮಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಅದರ ಏಟು ತಿನ್ನುವ ಗಡ್ಡೆಯ ದಕ್ಷಿಣದ ತುದಿಯಲ್ಲಿ ಬರೀ ಬಂಡೆ; ಉತ್ತರದ ತುದಿಯಲ್ಲಿ ವರ್ಷವರ್ಷವೂ ಬಂದು ಬೀಳುವ ಮೆಕ್ಕಲು, ಅದರ ಮೇಲೆ ಸೊಂಟದೆತ್ತರ ಹುಲ್ಲು. ನಡುವೆ ದಿಬ್ಬ, ದಿಬ್ಬದ ಮೇಲೆ ಹುಣಸೆಮರ, ಮರದ ಸುತ್ತ ಕಾಡುಕಲ್ಲಿನ ಮೋಟು ಗೋಡೆ. ಆ ಗೋಡೆಯ ಚರಿತ್ರೆ ಕೇಳಿದರೆ ಊರಲ್ಲಿ ಬಾಯಿಗೊಂದು ಕಥೆ. ಪಾಳೇಗಾರನ ಠಾಣೆ ಎಂದು ಒಬ್ಬರು, ಸನ್ಯಾಸಿಯ ಗುಡಿ ಎಂದು ಇನ್ನೊಬ್ಬರು. ನಿಧಿ ಇದೆಯೆಂದು ಅಗೆದವರೂ ಇದ್ದಾರೆ. ಅವರಿಗೆ ಸಿಕ್ಕಿದ್ದು ಚೇಳು.

ಬೇಸಿಗೆಯಲ್ಲಿ ಹೊಳೆ ಮೊಣಕಾಲಿಗೆ ಇಳಿದಾಗ ಹಾಲು ಬತ್ತಿದ ಎಮ್ಮೆಗಳನ್ನು ಗಡ್ಡೆಗೆ ಅಟ್ಟಿಬಿಡುವುದು ನಮ್ಮೂರಿನ ರೂಢಿ. ಕಾಯುವವರು ಬೇಡ. ಮುಂಗಾರಿಗೆ ಮೊದಲು ದಡದಲ್ಲಿ ನಿಂತು ಕೂಗಿದರೆ ತಮ್ಮ ತಮ್ಮ ಮನೆಯವರ ದನಿ ಹಿಡಿದು ಈಜಿ ಬರುತ್ತವೆ. ಗಬ್ಬದ ಎಮ್ಮೆಯನ್ನು ಮಾತ್ರ ಯಾರೂ ಬಿಡುವುದಿಲ್ಲ. ಅಲ್ಲೇ ಈದರೆ ಕರು ಈಜಲಾರದು, ಕರು ಬಿಟ್ಟು ತಾಯಿ ಬಾರದು.

ಕೆಲವು ವರ್ಷಗಳ ಹಿಂದೆ ಅಪ್ಪ ಅವ್ವನ ಎಮ್ಮೆಯನ್ನು ಅಲ್ಲಿಗೆ ಅಟ್ಟಲು ಹೊರಟ. ಅವ್ವ ಅದನ್ನು ಕರುವಾಗಿದ್ದಾಗಿನಿಂದ ಸಾಕಿದ್ದಳು. ಬಹಳ ದಿನದಿಂದ ಅದು ಗಬ್ಬ ನಿಂತಿರಲಿಲ್ಲ. ಗಡ್ಡೆಯಿಂದ ಬಂದ ಮೇಲೆ ಹೊನ್ನಾಳಿ ಸಂತೆಗೆ ಹೊಡೆಯುವುದೇ ಎಂದು ಅಪ್ಪ ಚಹಾದಂಗಡಿಯಲ್ಲಿ ಸಾರಿಬಿಟ್ಟಿದ್ದ.

"ಅದು ಗಬ್ಬ ಐತೆ ರೀ," ಎಂದಳು ಅವ್ವ.

"ಹುಲ್ಲಿನ ಹೊಟ್ಟೆ ಅದು. ಎಮ್ಮೆ ನೋಡಾಕೆ ನಂಗೇ ಕಲಿಸ್ತೀಯಾ?"

ದನದ ಡಾಕ್ಟರನ್ನು ಕರೆಸೋಣ ಎಂದೆ. ಅಪ್ಪನ ಮುಖ ಕೆಂಪಾಯಿತು. ಎಮ್ಮೆ ಕೊಳ್ಳುವಾಗ ಊರೆಲ್ಲ ಅವನ ಸಲಹೆ ಕೇಳುತ್ತದೆ. ಅವನು ಇನ್ನೊಬ್ಬರನ್ನು ಕೇಳುವುದೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಎಮ್ಮೆ ಗಡ್ಡೆಗೆ ಹೋಯಿತು.

ಆ ವರ್ಷ ನಮ್ಮಲ್ಲಿ ಒಂದು ಹನಿ ಬೀಳುವ ಮೊದಲೇ ಮಲೆನಾಡಿನಲ್ಲಿ ಮಳೆ ಹಿಡಿದು ಹೊಳೆ ಏರಿತು. ಊರವರು ದಡಕ್ಕೆ ಓಡಿ ಕೂಗಿದರು. ಎಲ್ಲರ ಎಮ್ಮೆಗಳೂ ಬಂದವು, ನಮ್ಮದು ಬರಲಿಲ್ಲ. ಗಂಟಲು ಕಟ್ಟುವ ತನಕ ಕೂಗಿದ ಅವ್ವ ಕೊನೆಗೆ ತೆಪ್ಪ ನಡೆಸುವ ಅಜ್ಜನ ಕಡೆ ತಿರುಗಿದಳು.

"ಅದು ಈದೈತೆ, ಅದಕ್ಕೇ ಬರ್ತಿಲ್ಲ. ನಡೀರಿ, ನಾನೂ ಬರ್ತೀನಿ. ಬೇರೆಯವ್ರನ್ನ ಅದು ಕರು ಮುಟ್ಟಾಕೆ ಬಿಡಲ್ಲ."

ಅವ್ವ ಜಗಳೂರು ಕಡೆಯವಳು. ಬಾವಿ ನೀರಷ್ಟೇ ಕಂಡು ಬೆಳೆದವಳಿಗೆ ಹೊಳೆಯೆಂದರೆ ಭಯ. ಮದುವೆಯಾಗಿ ಬಂದಾಗಿನಿಂದ ತೆಪ್ಪ ಹತ್ತಿರಲಿಲ್ಲ. ಅಂದು ಕಣ್ಣು ಮುಚ್ಚಿ, ನನ್ನ ತೋಳು ಚಿವುಟಿದಂತೆ ಹಿಡಿದು ಕೂತಳು.

ಹುಲ್ಲೆಲ್ಲ ಮುಳುಗಿತ್ತು. ಎಮ್ಮೆ ದಿಬ್ಬದ ಮೇಲೆ, ಆ ಗೋಡೆಯೊಳಗೆ ನಿಂತಿತ್ತು. ಪಕ್ಕದಲ್ಲಿ ಕಾಲು ನಡುಗುವ ಕರು. ನೀರು ಗೋಡೆಯ ಹೊರಮೈಗೆ ಬಡಿಯುತ್ತಿದ್ದರೂ ಒಳಗೆ ಎತ್ತರಿಸಿದ ನೆಲ ಒಣಗಿತ್ತು. ಗೋಡೆಯ ಬಾಯಿ ಇರುವುದು ಹೊಳೆಯ ಏಟು ತಾಗದ ಉತ್ತರಕ್ಕೆ. ಒಳಗಿನ ಕಲ್ಲೊಂದರಲ್ಲಿ ಹಗ್ಗ ಕಟ್ಟಲು ಕೊರೆದ ತೂತು. ಇದು ಠಾಣೆಯಲ್ಲ, ಗುಡಿಯೂ ಅಲ್ಲ, ದನದ ದೊಡ್ಡಿ ಎಂದು ನನಗೆ ಆಗ ಅರ್ಥವಾಯಿತು. ಎಂದೋ ಯಾರೋ ನಮ್ಮಂಥವರೇ ಇಂಥದೇ ಪೇಚಿಗೆ ಸಿಕ್ಕು, ಮುಂದಿನವರಿಗೆ ಆದೀತು ಎಂದು ಇಲ್ಲಿಗೆ ಕಲ್ಲು ಹೊತ್ತಿದ್ದರು. ಹೆಸರು ಗೊತ್ತಿಲ್ಲದ ಆ ಜನರ ಮೇಲೆ ಪ್ರೀತಿ ಉಕ್ಕಿ ಗೋಡೆ ಮುಟ್ಟಿ ಕೈಮುಗಿದೆ.

ಅವ್ವ ಎಮ್ಮೆಯ ಹಣೆ ತುರಿಸಿ, ಮಾತಾಡಿಸಿ, ಕರುವನ್ನು ಮಡಿಲಿಗೆ ಹಾಕಿಕೊಂಡು ತೆಪ್ಪದಲ್ಲಿ ಕೂತಳು. ಎಮ್ಮೆ ಬೆನ್ನಿಗೇ ನೀರಿಗಿಳಿದು ಈಜಿತು. ಬರುವಾಗ ಅವ್ವ ಕಣ್ಣು ಮುಚ್ಚಲಿಲ್ಲ.

ಅಪ್ಪ ಸೊಂಟದ ತನಕ ನೀರಲ್ಲಿ ನಿಂತು ಕಾಯುತ್ತಿದ್ದ. ಕರುವನ್ನು ಹೆಗಲಿಗೇರಿಸಿಕೊಂಡು ನಡೆದ. ಹಿತ್ತಿಲ ದಾರಿ ಹಿಡಿಯಬಹುದಿತ್ತು. ಚಹಾದಂಗಡಿ ಮುಂದೆಯೇ ಹೋದ.

"ಏನಣ್ಣಾ, ಎಮ್ಮೆ ಸಂತೆಗೆ ಯಾವಾಗ?" ಎಂದು ಯಾರೋ ಕೆಣಕಿದರು.

ಅಪ್ಪ ನಿಂತ. "ಎಮ್ಮೆ ನಂದಲ್ಲಪ್ಪ," ಎಂದ. "ಅದರ ಯಜಮಾನ್ತಿ ಹಿಂದೆ ಬರ್ತಾ ಅದಾಳೆ. ಅವಳ್ನ ಕೇಳ್ರಿ."