ಖಂಡೆ ಪೂಜೆಗೆ ತೊಳೆದ ಕಲ್ಲುಗಳು

ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಾವನವರ ಕೈಮಗ್ಗ ಇದ್ದ ಜಾಗಕ್ಕೆ ನನ್ನ ಗಂಡ ಉಪ್ಪುನೀರಿನ ಮೀನಿನ ತೊಟ್ಟಿ ತಂದಿಟ್ಟರು. ಮಂಚದಷ್ಟು ಉದ್ದದ ಗಾಜಿನ ತೊಟ್ಟಿ. ಮಾವ ತೀರಿಹೋಗಿ ವರ್ಷಗಳಾಗಿದ್ದವು, ಮಗ್ಗ ಧೂಳು ತಿನ್ನುತ್ತಿತ್ತು. ಆದರೂ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ ದಿನದಿಂದ ಅತ್ತೆ ಮಗನ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆಯುವುದೂ ನನ್ನ ಮೂಲಕವೇ. ಆಚೆಯ ಮಾತು ಈಚೆ ಸಾಗಿಸಿ ನನಗೆ ರೋಸಿಹೋಗಿತ್ತು.

ಗಂಡನ ತಲೆಯಲ್ಲಿ ಮಾತ್ರ ಫಿಲ್ಟರ್ ಒಂದೇ. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದಂತೆ. ಅದನ್ನು ಅರಗಿಸುವ, ಕಣ್ಣಿಗೆ ಕಾಣದ ಜೀವಗಳು ಫಿಲ್ಟರಿನ ತೂತುಗಲ್ಲುಗಳಲ್ಲಿ ನೆಲೆಸಬೇಕಂತೆ. ಬೆಳಗಾವಿಯ ಅಂಗಡಿಯವನು ಬಾಯಿ ಮುಚ್ಚಿದ ಡಬ್ಬಿಯಂಥದ್ದನ್ನು ಹೊಗಳಿದ.

‘ಕರೆಂಟ್ ಹೋದ್ರ ಡಬ್ಬಿಯೊಳಗ ಗಾಳಿ ಇಲ್ದ ಅವು ಸಾಯ್ತಾವು. ನಮ್ಮೂರಾಗ ಕರೆಂಟ್ ಇರೂದ ಎಷ್ಟೊತ್ತು?’ ಎಂದು ಇವರು ಬೇಡವೆಂದರು.

ಕೊನೆಗೆ ಆರಿಸಿದ್ದು ತೊಟ್ಟಿಯ ಕೆಳಗಿಡುವ ಬಾಯಿ ತೆರೆದ ಪೆಟ್ಟಿಗೆ. ಅದರ ತುಂಬ ಕಲ್ಲು, ಮೇಲಿಂದ ಹನಿಯುವ ನೀರು. ಕರೆಂಟ್ ಹೋದರೂ ಕಲ್ಲಿಗೆ ಗಾಳಿ ತಪ್ಪುವುದಿಲ್ಲ. ಮುಚ್ಚಿದ ಡಬ್ಬಿಯಾಗಿದ್ದರೆ ಅದಕ್ಕೆ ಯಾರ ಕೈಯೂ ಹೋಗುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಜೀವಗಳು ನೆಲೆಯೂರಲೆಂದು ವಾರಗಟ್ಟಲೆ ಬರೀ ನೀರನ್ನೇ ತಿರುಗಿಸಿದರು. ನೋಡಲು ಬಂದವರು ಮೀನೆಲ್ಲಿ ಎಂದು ನಕ್ಕರು. ಆಮೇಲೆ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಮೀನುಗಳು ಬಂದವು. ಕಲ್ಲುಗಳಿಗೆ ಕಂದು ಲೋಳೆ ಹಿಡಿಯಿತು. ನಾನೊಮ್ಮೆ ಒರೆಸಹೋದರೆ, ‘ಮುಟ್ಟಬ್ಯಾಡ! ಅದ ಅವುಗಳ ಜೀವ’ ಎಂದು ಗದರಿದರು. ಅತ್ತೆ ಆ ಕಡೆ ಸುಳಿಯುತ್ತಲೇ ಇರಲಿಲ್ಲ. ಕಲ್ಲು ಮುಟ್ಟಬಾರದೆಂದು ಅವರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ಹನಿಯುವ ಸದ್ದು ಕೇಳಿದಾಗೆಲ್ಲ ನನಗೆ ಏನೋ ಕೇಡು ಕಾದಿದೆ ಎನಿಸುತ್ತಿತ್ತು.

ದಸರೆಯ ಖಂಡೆ ಪೂಜೆ ಬಂತು. ಅಂದು ನಮ್ಮಲ್ಲಿ ಮಗ್ಗ, ಲಾಳಿ, ತಕ್ಕಡಿ, ಸೈಕಲ್ ಯಾವುದನ್ನೂ ತೊಳೆದು ಪೂಜಿಸದೆ ಬಿಡುವುದಿಲ್ಲ. ಗಂಡ ಪವರ್‌ಲೂಮ್ ಶೆಡ್ಡಿನ ಪೂಜೆಗೆ ಹೋಗಿದ್ದರು. ಹೋಳಿಗೆ ಮುಗಿಸಿ ನಾನು ಹೊರಬಂದರೆ, ಅತ್ತೆ ಅಂಗಳದಲ್ಲಿ ಕೂತಿದ್ದಾರೆ. ಪೆಟ್ಟಿಗೆಯ ಕಲ್ಲುಗಳಿಗೆಲ್ಲ ಕುದಿಯುವ ನೀರು ಸುರಿದು, ತೆಂಗಿನ ನಾರಿನಿಂದ ತಿಕ್ಕಿ, ಬಿಸಿಲಿಗೆ ಹರವಿದ್ದಾರೆ. ಬೆಳ್ಳಗಾದ ಕಲ್ಲುಗಳ ಮೇಲೆ ವಿಭೂತಿ, ಕುಂಕುಮ, ಚೆಂಡುಹೂವು.

‘ಎಷ್ಟ ಹೊಲಸ ಆಗಿತ್ತ ನೋಡ! ನನ್ನ ಮಗನ ಮಷೀನ್ ಅಲ್ಲೇನ ಇದೂ? ಅವರ ಮಗ್ಗದ ಜಾಗಾದಾಗ ಕುಂತೈತಿ, ಪೂಜಿ ಇಲ್ದ ಬಿಡೂದ ಹೆಂಗ?’

ಅಷ್ಟರಲ್ಲಿ ಗಂಡ ಬಂದರು. ಕಲ್ಲುಗಳನ್ನು ನೋಡಿದರು, ನನ್ನನ್ನು ನೋಡಿದರು. ಮೂಗಿನ ತುದಿಯಲ್ಲೇ ಸಿಟ್ಟಿರುವ ಮನುಷ್ಯ; ನಾನು ಬಾಗಿಲು ಹಿಡಿದು ನಿಂತೆ.

‘ಬಾರೋ ಅಪ್ಪಾ, ಊಟಾ ಮಾಡ’ ಎಂದರು ಅತ್ತೆ. ನನಗಲ್ಲ, ನೇರವಾಗಿ ಮಗನಿಗೆ.

ಗಂಡ ಚಪ್ಪಲಿ ಬಿಟ್ಟು, ‘ಛಲೋ ಮಾಡಿದಿ ಅವ್ವಾ’ ಎಂದರು.

ವಿಷ ಏರದಿರಲೆಂದು ಗಂಡ ಮರುದಿನದಿಂದ ನೀರು ಬದಲಿಸಿದ್ದೇ ಬದಲಿಸಿದ್ದು. ತಂದಿಟ್ಟ ಉಪ್ಪು ಖಾಲಿಯಾಯಿತು. ಬೆಳಗಾವಿಯ ಅಂಗಡಿ ಹಬ್ಬಕ್ಕೆ ಮುಚ್ಚಿತ್ತು. ನೀರೇನೋ ತಿಳಿಯಾಗಿಯೇ ಇತ್ತು. ವಿಷ ಕಣ್ಣಿಗೆ ಕಾಣುವುದಿಲ್ಲವಲ್ಲ, ನನಗೆ ಅದೇ ಹೆದರಿಕೆ. ಮೀನುಗಳ ಬಣ್ಣ ಕುಂದಿತು. ಒಂದು ಸಂಜೆ ಅವೆಲ್ಲ ಮೇಲಕ್ಕೆ ಬಂದು ಉಸಿರಿಗಾಗಿ ಬಾಯಿ ತೆರೆದು ಮುಚ್ಚತೊಡಗಿದವು.

ಅತ್ತೆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಮಗನ ಪಕ್ಕದಲ್ಲೇ ಕೂತಿದ್ದರು.

‘ನೋಡೋ, ತೊಳದ ಮ್ಯಾಲ ಎಷ್ಟ ಖುಷಿ ಆಗ್ಯಾವ! ಬರೂ ವರ್ಷನೂ ನಾನ ತೊಳಿತೇನಿ.’

ನನ್ನ ಗಂಡ ನೀರಿನಿಂದ ಕಣ್ಣು ತೆಗೆಯದೆ, ‘ಆತವ್ವಾ’ ಎಂದರು.