ಜಲಜಕ್ಕನ ಬಸಳೆ, ನನ್ನ ಓವನ್

ಉಪ್ಪುಂದದ ಬಾಡಿಗೆ ಮನೆಗೆ ಬಂದ ದಿನ, ಅಡುಗೆಮನೆಯ ಗೋಡೆಯೊಳಗೆ ಕೂರಿಸಿದ್ದ ಓವನ್ನಿನ ಬಾಗಿಲು ತೆರೆದೆ. ಒಳಗೆ ತುಂಬ ಒಣಮೀನು! ಗದಗಿನ ಸಸ್ಯಾಹಾರಿ ಮನೆಯವಳು ನಾನು. ‘ಅಯ್ಯ ಶಿವನೇ’ ಎಂದು ಅಂಗಳಕ್ಕೆ ಓಡಿದೆ.

“ಹ್ವಾಯ್, ಎಂತಾಯ್ತ್?” ಪಕ್ಕದಲ್ಲೇ ಇರುವ ಮನೆಯೊಡತಿ ಜಲಜಕ್ಕ ಬಂದರು. “ಅದಾ? ಬೆಕ್ಕಿಗೆ ಸಿಕ್ಕುಕಾಗ ಅಂದ್ಹೇಳಿ ಇಟ್ಟದ್ ಮಾರಾಯ್ತಿ.”

ಮುಂಬೈಯಲ್ಲಿ ಹೋಟೆಲು ನಡೆಸುವ ತಮ್ಮ ಹಾಕಿಸಿಕೊಟ್ಟ ಓವನ್ನು ಜಲಜಕ್ಕನ ಪಾಲಿಗೆ ಗಟ್ಟಿಮುಟ್ಟಾದ ಕಪಾಟಾಗಿತ್ತು.

ಗಂಡನಿಗೆ ಬೈಂದೂರಿಗೆ ವರ್ಗವಾಗುವ ತನಕ ಗದಗಿನಲ್ಲಿ ನನ್ನ ಕೇಕಿಗೆ ಹೆಸರಿತ್ತು. ಅಲ್ಲಿ ಪಕ್ಕದ ಮನೆಯ ರೊಟ್ಟಿ ಬಡಿಯುವ ಸದ್ದಿಗೆ ಏಳುತ್ತಿದ್ದೆ, ಇಲ್ಲಿ ಮೀನಿನ ಗಾಡಿಯ ಹಾರ್ನಿಗೆ ಏಳುತ್ತೇನೆ. ಮೂರು ತಿಂಗಳಾದರೂ ಒಬ್ಬರೂ ಕೇಕ್ ಕೇಳಲಿಲ್ಲ. “ಇಲ್ಲಿ ನನ್ನ ಕೆಲಸ ನಡೀಲಿಲ್ಲಂದ್ರ ನಾ ಗದಗಿಗೆ ಹೊಂಟೆ ನೋಡ್ರಿ” ಎಂದು ಗಂಡನಿಗೆ ಹೇಳಿಬಿಟ್ಟೆ. ಅಷ್ಟರಲ್ಲಿ ಜಲಜಕ್ಕನೇ ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಕೇಕ್ ಹೇಳಿದರು. ಭಾನುವಾರ ಅವರ ನೆಂಟರೆಲ್ಲ ಬರುವವರಿದ್ದರು. ಇದೊಂದು ಗೆದ್ದರೆ ನಾನು ಉಳಿದೆ.

ಉಜ್ಜಿ ತೊಳೆದಿದ್ದ ಓವನ್ನನ್ನು ಮೊದಲ ಸಲ ಹಚ್ಚಿದೆ. ಹೊಗೆ ಬಂತು, ಮುಟ್ಟಿದ ಕೈಗೆ ಕರೆಂಟೂ ಹೊಡೆಯಿತು.

ಕುಂದಾಪುರದಿಂದ ಅದೇ ಅಳತೆಯ ಹೊಸ ಓವನ್ ತಂದೆವು. ಶುಕ್ರವಾರ ವಂಡ್ಸೆಯ ಎಲೆಕ್ಟ್ರಿಷಿಯನ್ ಸುಧಾಕರ ಬಂದ. ಮೇನ್ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಹಳೆಯದನ್ನು ಹೊರಗೆಳೆದರೆ ಹಿಂದಿನ ವಯರು ಸುಟ್ಟು ಕರಿ.

“ಇದ್ ಬರೀ ಫ್ಯಾನಿನ ವಯರ್ ಅಕ್ಕ, ಓವನ್ನಿಗೆ ಸಾಲ. ಮೇನ್ ಬೋರ್ಡಿಂದ ದಪ್ಪದ್ ಬೇರೆ ಎಳೀಕ್, ಅದ್ಕೇ ಒಂದ್ ಎಂಸಿಬಿ ಸ್ವಿಚ್ ಬೇಕ್.”

ಸಂಜೆಯೊಳಗೆ ಅಷ್ಟೂ ಮಾಡಿ, ಕೊನೆಗೆ ಒಂದು ಬಲ್ಬು ಹಿಡಿದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಪರೀಕ್ಷಿಸಿದ. ಬಲ್ಬು ಉರಿಯಲಿಲ್ಲ. “ಅರ್ತಿಂಗೇ ಇಲ್ಲ. ನಾ ಕನೆಕ್ಷನ್ ಕೊಡುದಿಲ್ಲ, ಜೀವದ ವಿಷ್ಯ.”

ಅರ್ತಿಂಗ್ ತಂತಿ ಹುಡುಕುತ್ತ ಹಿತ್ತಿಲಿಗೆ ಹೋದೆವು. ಅದು ಜಲಜಕ್ಕನ ಬಸಳೆ ಬಳ್ಳಿಯ ಚಪ್ಪರದ ಕೋಲುಗಳನ್ನು ಕಟ್ಟಿಕೊಂಡು ಆರಾಮಾಗಿತ್ತು!

“ಬಸಳೆ ನೆಡುವತಿಗೆ ಅಡ್ಡ ಬಂತ್, ಕೊಯ್ದೆ” ಎಂದರು ಜಲಜಕ್ಕ. “ಚಪ್ಪರ ಕಟ್ಟುಕೆ ಲಾಯ್ಕ್ ಇತ್ತ್.”

“ಅರ್ತಿಂಗ್ ಗುಂಡಿ ಇಪ್ಪುದ್ ಬಸಳೆ ಬುಡದಗೇ” ಎಂದ ಸುಧಾಕರ. “ಅದ್ನ ತೆಗೀಕ್.”

“ನನ್ ಬಸಳೆ ಮುಟ್ಟಿರೆ ಕಾಣ್!”

ನಮ್ಮ ಕಡೆ ಎತ್ತಿಗಿರುವ ಮರ್ಯಾದೆ ಇಲ್ಲಿ ಬಸಳೆಗಿದೆ. ಸುಧಾಕರ ಸಾಮಾನು ಕಟ್ಟಿದ. ಒಂದು ಸೊಪ್ಪಿನ ಮುಂದೆ ನನ್ನ ಕೇಕ್ ಸೋತಿತಲ್ಲ ಎಂದು ಹೊಟ್ಟೆ ಉರಿಯಿತು. ಮನಸ್ಸಿನಲ್ಲೇ ಗದಗಿನ ಬಸ್ಸು ಹತ್ತಿದೆ.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಚಪ್ಪರವೇ ಇಲ್ಲ. ಜಲಜಕ್ಕ ಕತ್ತಿ ಹಿಡಿದು, ಬಸಳೆ ರಾಶಿಯ ನಡುವೆ ಕೂತು ಗೊಣಗುತ್ತಿದ್ದರು.

“ನಿಂತ್ಕಂಡ್ ಎಂತ ಕಾಂಬುದ್? ಸುಧಾಕರಂಗೆ ಫೋನ್ ಮಾಡ್. ಬಸಳೆ ಮತ್ತೆ ನೆಟ್ರೆ ಬತ್ತ್. ಮೊಮ್ಮಗಳ್ ಮೊದಲ್ನೆ ಹುಟ್ಟುಹಬ್ಬ ಮತ್ತೆ ಬತ್ತಾ?”

ಸುಧಾಕರ ಗುಂಡಿಗೆ ಇದ್ದಿಲು, ಉಪ್ಪು ಸುರಿದು ಹೊಸ ತಂತಿ ಎಳೆದ. ಬಲ್ಬು ಝಗ್ಗೆಂದಿತು. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯಲ್ಲಿ ಗದಗಿನ ನನ್ನ ಮನೆಯದೇ ವಾಸನೆ. ನನ್ನ ಕಣ್ಣು ತುಂಬಿತು.

ಭಾನುವಾರ ಕೇಕಿನ ಚೂರೂ ಉಳಿಯಲಿಲ್ಲ. ಶಿರೂರಿನ ನೆಂಟರಿಂದ ಒಂದು, ಬ್ರಹ್ಮಾವರದವರಿಂದ ಎರಡು, ನಿಂತ ನಿಲುವಿನಲ್ಲೇ ಮೂರು ಆರ್ಡರು! ಖುಷಿಯಿಂದ ಒಳಗೆ ಬಂದವಳು ಹಿಟ್ಟಿನ ಡಬ್ಬಿ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ.

“ಎಂತಕ್ ಮರ್ಕುದ್ ಮಾರಾಯ್ತಿ?” ಜಲಜಕ್ಕ ಗಾಬರಿಯಾದರು.

“ಇನ್ನ ಗದಗಿಗೆ ಹೋಗಾಕ ನೆಪಾನ ಉಳೀಲಿಲ್ಲ ನೋಡ್ರಿ.”

ಅವರು ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿದರು.

“ಅಪ್ಪನ ಮನೆಗೆ ಹೋಪುಕೆ ನೆಪ ಎಂತಕ್ಕೆ? ನಾಳೆಯೇ ಹೋಯ್ ಬಾ. ಆದ್ರೆ ಗುರುವಾರದೊಳ್ಗೆ ಮನೆಗೆ ಬರ್ಕ್, ಶಿರೂರಿನವ್ರ ಕೇಕಿಗೆ ನಾ ಮಾತ್ ಕೊಟ್ಟಾಯ್ತ್.”