ಮೂಲಾ ನಕ್ಷತ್ರದ ಅಪ್ಪ

ಆಗೆಲ್ಲ ನೈರೋಬಿಯಲ್ಲಿ ಜಕರಾಂಡ ಹೂ ಉದುರತೊಡಗಿತೆಂದರೆ ನಮಗೆ ಆಟದ ಕಾಲ. ನೇರಳೆ ಹೂಗಳನ್ನು ಬೂಟಿನಡಿ ಪಟ್ ಎನಿಸುತ್ತ ಕಾನ್ವೆಂಟಿನಿಂದ ಬಂದರೆ, ಸರೋಜಕ್ಕ ಅಂಗಳದಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆದು ಕಾದಿರುತ್ತಿದ್ದಳು. ಅವಳಿಗೆ ಇಪ್ಪತ್ತೆರಡು, ನನಗೆ ಒಂಬತ್ತು. "ಬಾರೇ ಪುಟ್ಟಿ, ಇವತ್ತು ನಿನ್ನ ಸೋಲಿಸದೆ ಬಿಡಲ್ಲ" ಎನ್ನುತ್ತಿದ್ದಳು.

ಅಕ್ಕನದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗಿಬರುವುದಿಲ್ಲವೆಂದು ಮೂರು ಸಂಬಂಧ ತಪ್ಪಿದ್ದವು. ಅಮ್ಮ ಅಡುಗೆಮನೆಯಲ್ಲಿ ಅಳುತ್ತಿದ್ದುದನ್ನು ಕಂಡಿದ್ದೆ. ನಾಲ್ಕನೆಯವರಿಗೆ ಅಕ್ಕನದು ಪೂರ್ವಾಷಾಢವೆಂದು ಅಮ್ಮ ಬರೆದು ಕಳಿಸಿದ್ದು ಮಾತ್ರ ನನಗೆ ಗೊತ್ತಿರಲಿಲ್ಲ.

ಆ ವಾರ ಸಿಸ್ಟರ್ ಗ್ರೀಕರ ಕಥೆ ಹೇಳಿದ್ದರು. ಅಸ್ಟ್ರೇಯಸ್ ಎಂದೊಬ್ಬ ದೇವರು. "ಮೈನರ್ ಗಾಡ್, ಗರ್ಲ್ಸ್, ಬಟ್ ಎ ಬಿಗ್ ಫ್ಯಾಮಿಲಿ." ಗಾಳಿಗಳೂ ಅವನ ಮಕ್ಕಳು, ನಕ್ಷತ್ರಗಳೂ ಅವನ ಮಕ್ಕಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಶನಿವಾರ ಎಂಬಕಸಿಯಿಂದ ಹುಡುಗನ ಕಡೆಯವರು ಬಂದರು. ಹುಡುಗ ಏರ್‌ಪೋರ್ಟಿನಲ್ಲಿ ಎಂಜಿನಿಯರ್. ಅಕ್ಕನತ್ತ ಎರಡು ಸಲ ನೋಡಿದ. ಅಕ್ಕ ಒಮ್ಮೆ ನಕ್ಕಳು. ಮನೆಯೆಲ್ಲ ಕೇಸರಿಬಾತಿನ ತುಪ್ಪದ ಘಮ. ಅವನ ತಂದೆ ಎರಡನೇ ಸಲ ಬಡಿಸಿಕೊಂಡು, "ಕಾನ್ವೆಂಟಲ್ಲಿ ಏನು ಹೇಳಿಕೊಟ್ರು, ಮರಿ?" ಎಂದು ಕೇಳಿದರು.

"ಸ್ಟಾರ್ಸ್‌ಗೆಲ್ಲ ಒಬ್ಬನೇ ಅಪ್ಪ, ಅಂಕಲ್. ಅಸ್ಟ್ರೇಯಸ್ ಅಂತ. ನಮ್ಮಕ್ಕನ ಮೂಲಾಗೂ ಅವನೇ. ಅಪ್ಪ ಗಾಡ್ ಆದ್ರೆ ಮಗಳು ಹೇಗೆ ಕೆಟ್ಟೋಳಾಗ್ತಾಳೆ?"

ಅವರು ಚಮಚ ಕೆಳಗಿಟ್ಟರು. "ಪೂರ್ವಾಷಾಢ ಅಂತ ಬರೆದಿದ್ರಲ್ಲಮ್ಮ?"

ಅಮ್ಮ ಸೆರಗು ಎಳೆದುಕೊಂಡಳು. ಹುಡುಗನ ತಾಯಿ ಎದ್ದು ನಿಂತರು. "ನಮ್ಮ ಯಜಮಾನರು ಇನ್ನೂ ನಾಕು ದಿನ ಇರಬೇಕು ಕಣ್ರೀ."

ಕಾರು ಗೇಟು ದಾಟಿದ್ದೇ ಅಮ್ಮ, "ನಿನ್ನ ಕಾನ್ವೆಂಟಿಗೆ ಬೆಂಕಿ ಹಾಕ" ಎಂದು ಕೈಯೆತ್ತಿದಳು. ಅಕ್ಕ ಅಡ್ಡ ಬಂದಳು. "ಬಿಡಮ್ಮ. ವಿಮಲ ನಿಜಾನೇ ಹೇಳಿದ್ಲು."

ಅದುವರೆಗೆ ಅವಳ ಬಾಯಲ್ಲಿ ನಾನು ಪುಟ್ಟಿ, ವಿಮಲ ಆಗಿರಲೇ ಇಲ್ಲ.

ಇದ್ದ ಹತ್ತಾರು ಕನ್ನಡದ ಮನೆಗಳಿಗೂ ಸುದ್ದಿ ಮುಟ್ಟಿತು. ಮತ್ತೆ ಯಾರೂ ಹೆಣ್ಣು ಕೇಳಿಕೊಂಡು ಬರಲಿಲ್ಲ. ಅಂಗಳದಲ್ಲಿ ಅಕ್ಕ ಮತ್ತೆ ಗೆರೆ ಎಳೆಯಲಿಲ್ಲ.

ಈಗ ಹೊಸ ಶತಮಾನ ಹುಟ್ಟಿ ಆರು ವರ್ಷ. ಮೊನ್ನೆ ನೈರೋಬಿಯದೇ ಲೊರೆಶೋ ಬಡಾವಣೆಯ ಈ ಮನೆಯಲ್ಲಿ ಮೊಮ್ಮಗಳು ಕಂಪ್ಯೂಟರ್ ಮುಂದೆ ಕೂತು, "ಅಜ್ಜಿ, ಅಸ್ಟ್ರೇಯಸ್ ಈಸ್ ಸೋ ಮೈನರ್, ನೋಬಡಿ ಕೇರ್ಸ್" ಎಂದು ನಕ್ಕಳು. ತನ್ನ ನಕ್ಷತ್ರ ಯಾವುದೆಂದು ಅವಳಿಗೆ ತಿಳಿಯದು, ಕೇಳುವವರೂ ಇಲ್ಲ. ಅಕ್ಕನ ಪಾಲಿಗೆ ಈ ಕಾಲ ಬರಲೇ ಇಲ್ಲ. ಹೋದ ವರ್ಷ ಊರಿನ ಇನ್ನೊಂದು ಕಡೆಯ ಲಂಗಾಟಾದಲ್ಲಿ, ಒಬ್ಬಳೇ ಇದ್ದ ಮನೆಯಲ್ಲೇ ತೀರಿಕೊಂಡಳು. ಕೊನೆಯ ದಿನ ತಲೆ ಎತ್ತಿಹಿಡಿದು ನೀರು ಕುಡಿಸಿದೆ. ಆ ಒಂದು ಹಳೆಯ ಹೆಸರಿಗಾಗಿ ಅವಳ ಬಾಯನ್ನೇ ನೋಡುತ್ತ ಕೂತೆ.

"ಥ್ಯಾಂಕ್ಸ್, ವಿಮಲ" ಎಂದಳು.